ಕೆಂಚಿಗೊಂದು ಬೇಲಿ

ಕುತ್ತಿಗೆಗೆ ಬಿಸಿ ಉಸಿರು ತಗಲಿತು, ಕೆಂಚಿ, ಬೇಲಿಯ ಒಳಗಿಂದ ಕತ್ತು ಚಾಚಿ ನನ್ನ ಸೆರಗು ಮೂಸುತ್ತಿದ್ದಾಳೆ, ಕತ್ತೇನು, ಎದೆಯೂ ಅರ್ಧ ಹೊರಗೇ ಇದೆ — ಅಯ್ಯ ಮಾಳಿಂಗಪ್ಪಾ, ಗಂಡನ ಹೆಸರು ಬಾಯಿಬಿಟ್ಟು ಹೇಳಿದವಳಲ್ಲ ನಾನು, ಮನಸ್ಸಿನೊಳಗೆ ಯಾರು ಕೇಳುತ್ತಾರೆ, ಕುದುರೆಗೆ ಸೊಂಟದೆತ್ತರದ ಬೇಲಿ ಕಟ್ಟಿಬಿಟ್ಟೆಯಲ್ಲ ದೊರೆ, ನಲವತ್ತು ವರ್ಷ ಕುರಿದೊಡ್ಡಿಗೆ ಸುತ್ತ ಬಲೆ ಕಟ್ಟಿದ ಕೈ, ಕುರಿಯೆತ್ತರಕ್ಕೆ ತಾನೇ ನಿಂತುಬಿಟ್ಟಿದೆ, ಮಗಳು ಸುರೇಖಾ ಇಂಡಿ ಊರಿನ ಕಾಲೇಜಿನಿಂದ ಬಂದವಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು, ಯಪ್ಪಾ, ಇಕಿ ಕುರಿ ಅಲ್ಲೋ, ಕಾಲಿನ ಹಗ್ಗ ಬಿಚ್ಚಿದ್ರ ಒಂದ ಜಿಗಿತಕ್ಕ ರೋಡಿನ್ಯಾಗಿರ್ತಾಳ, ಅವನು ಮುಖ ಸಣ್ಣದು ಮಾಡಿಕೊಂಡು, ಆತಲ್ಲ, ಬೇಲಿ ಬಿಚ್ಚಿ ಮತ್ತ ಕಟ್ತೇನಿ ಎಂದು ಆಪರೇಶನ್ ಆದ ಮೊಣಕಾಲು ಹಿಡಿದುಕೊಂಡು ಎದ್ದ. ನಗು ಬಂತು, ಪಾಪವೂ ಅನಿಸಿತು.

ರೋಡಿನ ಮಾತು ಸುಳ್ಳಲ್ಲ, ಅವನ ಮೊಣಕಾಲು ಕೆಟ್ಟಮೇಲೆ ಕುರಿ ಮಾರಿದೆವು, ಚಳಿಗಾಲಕ್ಕೆ ಕುರಿ ಹೊಡೆದುಕೊಂಡು ಹೋಗುವ ತಿರುಗಾಟ ನಿಂತಿತು, ಕೆಂಚಿಗೆ ಅದನ್ನು ಯಾರು ಹೇಳಬೇಕು, ದೀಪಾವಳಿಯ ಚಳಿ ಬಿದ್ದದ್ದೇ ತಡ ಹಳೇ ದಾರಿ ಹಿಡಿದು ಹೊರಟಳು, ನಮ್ಮೂರು ಹೊರ್ತಿಯಿಂದ ತಂಗಡಗಿಯ ಹೊಳೆದಂಡೆಗೆ, ಎರಡು ಸಲ ಹೆದ್ದಾರಿಯ ನಡುವಿನಿಂದ ಹಿಡಿದು ತಂದೆವು, ಎರಡನೇ ಸಲ ಲಾರಿಯ ಬ್ರೇಕಿನ ಸದ್ದು ಮನೆತನಕ ಕೇಳಿಸಿತು, ಕಟ್ಟಿ ಹಾಕ್ರಿ, ಇಲ್ಲಾ ಮಾರಿಬಿಡ್ರಿ ಅಂದರು ಊರವರು, ಮಾರುವುದು ಹೇಗೆ, ಆ ಬೆನ್ನಮೇಲೆ ಪಾತ್ರೆ, ಕಂಬಳಿ, ಆಗತಾನೇ ಹುಟ್ಟಿದ ಮರಿಗಳು, ಮರಿಗಳ ನಡುವೆ ಮೂರು ತಿಂಗಳ ಸುರೇಖಾ, ಹಳ್ಳ ದಾಟುವಾಗ ಒಮ್ಮೆಯೂ ಅಲುಗಿಸಲಿಲ್ಲ ನನ್ನ ಕೂಸನ್ನು — ನಾನು ಮಾಡಿದ್ದೇನು, ಪ್ರತಿ ಸಂಜೆ ಭಾರ ಇಳಿಸಿ, ದೂರ ಹೋಗದಿರಲಿ ಅಂತ ಎರಡೂ ಮುಂಗಾಲು ಕೂಡಿಸಿ ಹಗ್ಗ ಬಿಗಿದೆ, ಹದಿನೆಂಟು ವರ್ಷ, ಆ ಲಾರಿ ಬಂದ ದಿನದಿಂದ ಹಗಲಿಗೂ ಹಗ್ಗ, ಈಗ ಯುಗಾದಿಯೇ ಬಂತು, ಹಗ್ಗ ಉಜ್ಜಿದಲ್ಲಿ ಈಗ ಕೂದಲೇ ಬೆಳೆಯುವುದಿಲ್ಲ, ಆ ಬೋಳು ಪಟ್ಟಿ ನೋಡಿದರೆ ನನಗೆ ನಾಚಿಕೆಯಾಗುತ್ತದೆ. ಉಳಿದ ದಿನವಾದರೂ ಕಾಲು ಬಿಡಿಸಿಕೊಂಡು ತಿರುಗಾಡಲಿ, ನನಗೆ ಬೇರೇನೂ ಬೇಡ.

ಜಾಲಿ ಗೂಟ ಆಳಕ್ಕೆ ಹುಗಿದು, ಮೂರು ಸಾಲು ಬಿದಿರಿನ ಗಳ ಬಿಗಿದು, ಮುಳ್ಳುತಂತಿ ಬ್ಯಾಡ, ಎದಿ ಹರಕೊಂತಾಳ ಅಂತ ಅವನೇ ಹೇಳಿ, ಎಂಟು ದಿನಕ್ಕೆ ಬೇಲಿ ಅವಳ ಕತ್ತಿನ ಮಟ್ಟಕ್ಕೆ ಬಂತು, ಅಲುಗಾಡಿಸಿ ನೋಡಿದೆ, ಗಟ್ಟಿಯಿದೆ, ಹಗ್ಗ ನೀ ಕಟ್ಟೀದಿ, ನೀನ ಬಿಚ್ಚು ಅಂದ, ಕೆಂಚಿಯ ಕಾಲ ಬುಡದಲ್ಲಿ ಕೂತೆ, ಗಂಟಿಗೆ ಕೈ ಹೋಗಲಿಲ್ಲ, ಆಮೇಲೆ ಹೋಯಿತು, ಹಗ್ಗ ಬಿತ್ತು, ಹೋಗವ್ವಾ, ಹೋಗು, ಇದೆಲ್ಲಾ ನಿಂದ — ಕೆಂಚಿ ನಿಂತಲ್ಲೇ ನಿಂತಳು, ತಲೆ ಬಗ್ಗಿಸಿದಳು, ಎರಡೂ ಮುಂಗಾಲು ಜೋಡಿಸಿ ಒಂದು ಸಣ್ಣ ಕುಪ್ಪಳಿಕೆ, ಹಗ್ಗ ಇಲ್ಲವ್ವಾ, ಮತ್ತೆ ಎರಡೂ ಜೋಡಿಸಿ ಕುಪ್ಪಳಿಕೆ, ಬಿಚ್ಚೇನವ್ವಾ, ಬಿಚ್ಚೇನಿ, ಮತ್ತೆ ಜೋಡಿಸಿ — ಇಲ್ಲ, ತಡಿ, ಎಡಗಾಲು, ಎಡಗಾಲು ಮಾತ್ರ ಎದ್ದಿದೆ, ಬಲಗಾಲು ನೆಲದ ಮೇಲೇ ಇದೆ, ಎಡಗಾಲು ಇನ್ನೂ ಕೆಳಗಿಳಿದಿಲ್ಲ, ಒಂದೇ ಕಾಲು, ಗಾಳಿಯಲ್ಲಿ, ಒಂದೇ ಕಾಲು —