ವಿಭೂತಿಯಲ್ಲಿ ತಿಕ್ಕಿದ ಅರ್ಧ ಡಾಲರ್

ಕರ್ಕ್‌ಲ್ಯಾಂಡಿನ ಒಂದು ಗ್ಯಾರೇಜ್ ಸೇಲ್‌ನಲ್ಲಿ ವಸಂತಲಕ್ಷ್ಮಿ ಮಣ್ಣಿನಡಿಯ ಲೋಹ ಪತ್ತೆಹಚ್ಚುವ ಹಳೆಯ ಮೆಟಲ್ ಡಿಟೆಕ್ಟರ್ ಒಂದನ್ನು ಕೊಂಡು ತಂದಾಗ ಗಂಡ ಶಿವಕುಮಾರ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ನಗಲಿ, ಪಾಪ. ಬೆಳಿಗ್ಗೆ ರೆಡ್ಮಂಡಿನ ಆಫೀಸಿಗೆ ಹೋದರೆ ಸಂಜೆಯೇ ಬರುವವನು ಅವನು. ಡಿಪೆಂಡೆಂಟ್ ವೀಸಾದಲ್ಲಿ ಕೆಲಸ ಮಾಡುವಂತಿಲ್ಲದೆ ಮನೆಯಲ್ಲಿ ಕೂತ ಎಂ.ಎಸ್ಸಿ. ಹೆಂಡತಿಯ ಮಧ್ಯಾಹ್ನಗಳು ಎಷ್ಟು ಉದ್ದ ಎಂದು ಅವನಿಗೆ ತಿಳಿಯುವುದಾದರೂ ಹೇಗೆ?

ಮೊದಮೊದಲು ಸಿಕ್ಕಿದ್ದೆಲ್ಲ ಸೋಡಾ ಮುಚ್ಚಳ, ತುಕ್ಕು ಹಿಡಿದ ಮೊಳೆ. "ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು ನಿನ್ ಕಥೆ," ಎಂದು ಅವನು ಛೇಡಿಸಿದ. "ಇಲಿನಾದ್ರೂ ಸಿಕ್ತಲ್ಲ, ಬಿಡಿ," ಎಂದಳು ಇವಳು.

ನಗದೇ ಇದ್ದವಳು ಪಕ್ಕದ ಹಳೆಯ ಮನೆಯ ಇಂಗ್ರಿಡ್ ಅಜ್ಜಿ ಒಬ್ಬಳೇ. ಬೇಲಿಯಾಚೆಯಿಂದ ನೋಡಿ, "ನನ್ನ ಹಿತ್ತಲಿಗೆ ಬಾ, ಎಷ್ಟು ಬೇಕಾದರೂ ಅಗಿ," ಎಂದಳು. ಈ ಊರಿಗೆ ಬಂದ ಎರಡು ವರ್ಷಗಳಲ್ಲಿ ಅವಳನ್ನು ಬಾಯಿ ತುಂಬ ಬಾ ಎಂದವರು ಬೇರೆ ಯಾರೂ ಇರಲಿಲ್ಲ. ಅಂದಿನಿಂದ ಆ ಹಿತ್ತಲೇ ಅವಳ ಆಫೀಸಾಯಿತು. ಅಲ್ಲಿಯೇ ಮೊದಲ ಬೆಳ್ಳಿ ಸಿಕ್ಕಿದ್ದು, ಉಗುರಿನಗಲದ ಒಂದು ಡೈಮ್, ಹತ್ತು ಸೆಂಟಿನ ಹಳೆಯ ನಾಣ್ಯ. ಅಜ್ಜಿ ಅದನ್ನು ಅವಳ ಅಂಗೈಯಲ್ಲೇ ಇಟ್ಟು ಬೆರಳು ಮಡಚಿ, ನಿನ್ನ ಸಂಪಾದನೆ ಎಂದಳು. ವಸಂತಲಕ್ಷ್ಮಿ ಮನೆಗೆ ಬಂದು ಸುಮ್ಮನೆ ಅತ್ತಳು. ಸಂಪಾದನೆ ಎಂಬ ಮಾತು ಕೇಳಿ ಎಷ್ಟು ಕಾಲವಾಗಿತ್ತು!

ಆಗಸ್ಟಿನಲ್ಲಿ ಅಜ್ಜಿ ಮನೆ ಮಾರಿದಳು. ಶನಿವಾರ ಸ್ಪೊಕೇನಿನ ಮಗಳ ಮನೆಗೆ ಪಯಣ. ಕೊಂಡವರು ಮನೆ ಕೆಡವಿ, ಮರ ಕಡಿದು, ಹೊಸದು ಕಟ್ಟುವವರಿದ್ದರು. ಹಿತ್ತಲಿನ ಸೇಬಿನ ಮರ ತೋರಿಸಿ ಅವಳು ಒಂದು ಸಂಗತಿ ಹೇಳಿದಳು. ಅವಳಪ್ಪ ನಾರ್ವೆಯಿಂದ ಬಂದ ಮೀನುಗಾರ. ಪ್ರತಿ ಹುಟ್ಟುಹಬ್ಬಕ್ಕೂ ಈ ಮರದಡಿಯ ಹುಲ್ಲಿನಲ್ಲಿ ಒಂದು ಬೆಳ್ಳಿ ನಾಣ್ಯ ಬಚ್ಚಿಟ್ಟು ಮಗಳಿಂದ ಹುಡುಕಿಸುತ್ತಿದ್ದ. ಒಂಬತ್ತನೆಯ ಹುಟ್ಟುಹಬ್ಬದಂದು ಜಡಿಮಳೆ ಸುರಿದು ಅರ್ಧ ಡಾಲರಿನ ನಾಣ್ಯ ಕೆಸರಿನಲ್ಲಿ ಕಾಣದಾಯಿತು. ಅದೇ ವಾರ ಅಲಾಸ್ಕಾಕ್ಕೆ ದೋಣಿ ಹತ್ತಿದ ಅಪ್ಪ ಮರಳಿ ಬರಲಿಲ್ಲ.

"ಅದು ಸಿಕ್ಕರೆ ನನಗೆ ಕೊಡು. ಉಳಿದದ್ದೆಲ್ಲ ನಿನ್ನದು," ಎಂದಳು.

ವಸಂತಲಕ್ಷ್ಮಿ ಪಟ್ಟು ಹಿಡಿದು ಮರದ ಬುಡವನ್ನೆಲ್ಲ ಜಾಲಾಡಿದಳು. ಗುರುವಾರ ಮಧ್ಯಾಹ್ನ ಬೇರಿನ ಸಂದಿಯಲ್ಲಿ ಡಿಟೆಕ್ಟರ್ ಗಂಟೆಯ ಹಾಗೆ ಸ್ಪಷ್ಟವಾಗಿ ನುಡಿಯಿತು. ಅಗೆದರೆ ಕಪ್ಪಗಿನ ದೊಡ್ಡ ಬಿಲ್ಲೆ. ಅರ್ಧ ಡಾಲರ್, 1936ರದು.

ತಕ್ಷಣ ಓಡಿಹೋಗಿ ಕೊಡಬಹುದಿತ್ತು. ಆದರೆ ಮಾರನೆಯ ದಿನ ವರಮಹಾಲಕ್ಷ್ಮಿ ಹಬ್ಬ. ಲಕ್ಷ್ಮಿಯ ಮುಂದಿಟ್ಟು, ತಾಂಬೂಲದ ಜೊತೆ ಕೊಟ್ಟರೆ ಎಷ್ಟು ಚೆನ್ನ! ಮೈಸೂರಿನ ಹೆಣ್ಣುಮಗಳು ಕಪ್ಪಾದ ಬೆಳ್ಳಿಯನ್ನು ದೇವರ ಮುಂದಿಟ್ಟಾಳೆಯೇ? ದೀಪಗಳನ್ನೂ ಕುಂಕುಮದ ಭರಣಿಯನ್ನೂ ಬೆಳಗುತ್ತಿದ್ದ ವಿಭೂತಿಯಲ್ಲೇ ಅದನ್ನೂ ತಿಕ್ಕಿ ತಿಕ್ಕಿ ಫಳಫಳ ಹೊಳೆಯಿಸಿದಳು.

ಸಂಜೆ ಶಿವಕುಮಾರ ನೋಡಿ ತಲೆ ಚಚ್ಚಿಕೊಂಡ. "ಅಯ್ಯೋ, ತೊಳೆದ್ಬಿಟ್ಯಾ? ಹಳೇ ಕಾಯಿನ್ನ ಕ್ಲೀನ್ ಮಾಡ್ಲೇಬಾರ್ದು ಕಣೇ, ಎಲ್ಲಾ ವೆಬ್‌ಸೈಟಲ್ಲೂ ಫಸ್ಟ್ ರೂಲೇ ಅದು. ಆ ಕಪ್ಪೇ ಅದ್ರ ವಯಸ್ಸು. ಹಾಳ್ಮಾಡ್ದೆ."

ಅವಳು ನಾಣ್ಯವನ್ನು ಮತ್ತೆ ಕೈಗೆತ್ತಿಕೊಂಡಳು. ಬೆಲೆ ಹಾಳಾದರೆ ಹಾಳಾಗಲಿ. ಒಬ್ಬ ಅಪ್ಪ ಕೊನೆಯ ಸಲ ಮುಟ್ಟಿಟ್ಟಿದ್ದನ್ನು ತಾನು ಉಜ್ಜಿ ಅಳಿಸಿಬಿಟ್ಟೆನಲ್ಲ ಎಂಬುದೇ ಅವಳ ಸಂಕಟ. ಬಾ ಎಂದು ಕರೆದವಳಿಗೆ ಕೊಡುವ ಉಡುಗೊರೆ ಇದೇನಾ?

ಶುಕ್ರವಾರ ಪೂಜೆ ಮುಗಿದ ಮೇಲೆ ತಟ್ಟೆಯಲ್ಲಿ ವೀಳ್ಯದೆಲೆ, ಬಾಳೆಹಣ್ಣು, ನಾಣ್ಯ ಇಟ್ಟುಕೊಂಡು ಹೋದಳು. ಅಜ್ಜಿ ಖಾಲಿ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. "ಸಿಕ್ಕಿತು," ಎಂದಳು ವಸಂತಲಕ್ಷ್ಮಿ, "ಆದರೆ ನಾನು ತಪ್ಪು ಮಾಡಿದೆ. ಬೂದಿ ಹಾಕಿ ತಿಕ್ಕಿಬಿಟ್ಟೆ. ದಯವಿಟ್ಟು ಕ್ಷಮಿಸಿ."

ಅಜ್ಜಿ ನಾಣ್ಯ ಎತ್ತಿಕೊಂಡು ಬಿಸಿಲಿಗೆ ಹಿಡಿದಳು. ಅಂಚಿನಲ್ಲಿ ಉಳಿದಿದ್ದ ಬಿಳಿಯ ಪುಡಿ ಬೆರಳಿಗೆ ಹತ್ತಿತು.

"ಬೂದಿಯಲ್ಲೇ?"

"ಹೂಂ."

"ಅಪ್ಪನೂ ಹಾಗೇ. ಹುಟ್ಟುಹಬ್ಬದ ಹಿಂದಿನ ರಾತ್ರಿ ಒಲೆಯ ಬೂದಿ ತಂದು, ಅಡುಗೆಮನೆಯ ಮೇಜಿನ ಮುಂದೆ ಕೂತು ತಿಕ್ಕುತ್ತಿದ್ದ. ನಾನು ನಿದ್ದೆ ಬಂದ ಹಾಗೆ ನಟಿಸಿ ನೋಡುತ್ತಿದ್ದೆ. ಹೊಳೆಯದಿದ್ದರೆ ಮಗುವಿಗೆ ಕಾಣಿಸುವುದು ಹೇಗೆ ಅನ್ನುತ್ತಿದ್ದ ಅಮ್ಮನಿಗೆ." ಅವಳು ನಾಣ್ಯವನ್ನು ಹೆಬ್ಬೆರಳಿನಿಂದ ಸವರಿದಳು. "ಇದು ನನಗೆ ಸಿಗಬೇಕಾಗಿದ್ದದ್ದು ಹೀಗೆಯೇ. ಕಪ್ಪಗಿದ್ದರೆ ಗುರುತೇ ಸಿಗುತ್ತಿರಲಿಲ್ಲ."

ವಸಂತಲಕ್ಷ್ಮಿ ಕಣ್ಣೊರೆಸಿಕೊಂಡಳು. ಥ್ಯಾಂಕ್ಸ್ ಎನ್ನಬೇಕಿತ್ತು. ಹಿತ್ತಲಿಗೆ, ಡೈಮಿಗೆ, ಉದ್ದದ ಮಧ್ಯಾಹ್ನಗಳನ್ನು ಗಿಡ್ಡ ಮಾಡಿದ್ದಕ್ಕೆ, ಎಲ್ಲಕ್ಕೂ ಒಟ್ಟಿಗೆ ಹೇಳುವುದಿತ್ತು. ಅಷ್ಟರಲ್ಲಿ ಅಜ್ಜಿ ನಾಣ್ಯವನ್ನು ಅವಳ ಕೈಗೇ ಹಿಂದಿರುಗಿಸಿದಳು.

"ಹೋಗಿ ಬಚ್ಚಿಡು. ಮರದ ಕೆಳಗೆ."

ಎಪ್ಪತ್ತು ದಾಟಿದ ಆ ಹೆಂಗಸು ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡಳು. ವಸಂತಲಕ್ಷ್ಮಿ ಬೇರಿನ ಪಕ್ಕ, ಹುಲ್ಲಿನ ನಡುವೆ ನಾಣ್ಯವಿಟ್ಟು ದೂರ ಸರಿದು ನಿಂತಳು. ಅಜ್ಜಿ ಕೋಲೂರಿಕೊಂಡು ಬಂದು ಮರವನ್ನು ಒಂದು ಸುತ್ತು ಹಾಕಿದಳು. ಎರಡನೆಯ ಸುತ್ತಿನಲ್ಲಿ ಬಿಸಿಲಿಗೆ ಬೆಳ್ಳಿ ಮಿಂಚಿತು.

"ಸಿಕ್ಕಿತು ಪಪ್ಪಾ," ಎಂದು ಅವಳು ಬಾಗಿ ಎತ್ತಿಕೊಂಡಳು.