ಟೈ ಮೇಷ್ಟ್ರ ಗಂಟು

ಕಪಾಟಿನ ಬಟ್ಟೆಯನ್ನೆಲ್ಲ ಮಂಚದ ಮೇಲೆ ಹರವಿಕೊಂಡು ಅಣ್ಣ ತಂಗಿಯನ್ನು ಕೇಳಿದ: "ಟೈ ಎಲ್ಲಿದೆಯಮ್ಮ? ಭಾವನ್ನ ಬರಿ ಕೊರಳಲ್ಲಿ ಕಳಿಸೋದಾ?"

"ಇಂಟರ್‌ವ್ಯೂಗೆ ಹೋಗಿದೆ," ಎಂದಳು ಆಕೆ.

ಬಾಗಿಲಲ್ಲಿ ನಿಂತಿದ್ದ ಹಳೆಯ ವಿದ್ಯಾರ್ಥಿಗಳು ಅಳುವಿನ ನಡುವೆಯೇ ನಕ್ಕುಬಿಟ್ಟರು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಹುಡುಗರಿಗೆ ಕೆಲಸ ಕೊಡಿಸುವ ಹೊಣೆ ಹೊತ್ತಿದ್ದ ಆಕೆಯ ಗಂಡನನ್ನು ಅವರೆಲ್ಲ ಕರೆಯುತ್ತಿದ್ದದ್ದೇ ಟೈ ಮೇಷ್ಟ್ರು ಎಂದು.

ಆಕೆ ಮಾತ್ರ ನಗಲಿಲ್ಲ. ಹಿಂದಿನ ದಿನ ಟೈ ಒಯ್ದಿದ್ದ ಹುಡುಗ ಬೆಳಿಗ್ಗೆ ಫೋನ್ ಮಾಡಿದ್ದ. "ಅಮ್ಮ, ಮೇಷ್ಟ್ರಿಗೆ ಕೊಡಿ. ಆಶೀರ್ವಾದ ತಗೊಂಡೇ ಒಳಗೆ ಹೋಗ್ತೀನಿ." ಪಾಸಾಗಿ ವರ್ಷ ಕಳೆದರೂ ಎಲ್ಲೂ ಕೆಲಸ ಸಿಗದವನು. ಇಂಟರ್‌ವ್ಯೂಗೆ ಹೋದಲ್ಲೆಲ್ಲ ಅವನ ಬಾಯಿ ಕಟ್ಟಿಹೋಗುತ್ತಿತ್ತು. ಪಕ್ಕದಲ್ಲೇ ಗಂಡನ ದೇಹ ತಣ್ಣಗಾಗಿತ್ತು. "ಮಲಗಿದ್ದಾರಪ್ಪ, ನೀನು ಧೈರ್ಯವಾಗಿ ಹೋಗು," ಎಂದುಬಿಟ್ಟಿದ್ದಳು. ದೇವರಿಗೆ ಹೆದರಿ ಬಾಳಿದವಳು. ಆಡಿದ ಸುಳ್ಳೂ ಫಲಿಸದೆ ಹೋದರೆ ಆ ಹುಡುಗನಿಗೆ ಯಾವ ಮುಖ ತೋರಿಸಲಿ ಎಂದು ಒಳಗೇ ಬೇಯುತ್ತಿದ್ದಳು.

*

ಆ ಟೈ ಕೊಂಡ ದಿನ ಮೇಷ್ಟ್ರಿಗೆ ಗಂಟು ಹಾಕಲು ಬರಲಿಲ್ಲ. ಅಂಗಡಿಯವನೇ ಹಾಕಿಕೊಟ್ಟ. ಮಾರನೆಯ ದಿನ ಕಾಲೇಜಿನಲ್ಲಿ, ಕಂಪನಿಯವರ ಮುಂದೆ ನಿಲ್ಲಬೇಕಾಗಿದ್ದ ಹುಡುಗನೊಬ್ಬ ಬರಿ ಕೊರಳಲ್ಲಿ ನಡುಗುತ್ತಿದ್ದ. ಮೇಷ್ಟ್ರು ತಮ್ಮದನ್ನೇ ತಲೆಯ ಮೇಲಿಂದ ತೆಗೆದು ಅವನಿಗೆ ತೊಡಿಸಿದರು. ಅವನಿಗೆ ಕೆಲಸ ಸಿಕ್ಕಿತು. ಅಂದಿನಿಂದ ಅದು ಕೊರಳಿಂದ ಕೊರಳಿಗೆ ತಿರುಗಿತು, ಗಂಟು ಬಿಚ್ಚಿದವರಿಲ್ಲ.

"ನಿಮಗೂ ಕಟ್ಟೋಕೆ ಬರಲ್ಲ ಅಂತ ಹೇಳಬಾರದಾ?" ಎಂದು ಆಕೆ ರೇಗಿಸುತ್ತಿದ್ದಳು.

"ಹೇಳಿದ್ರೆ ಅವರ ಧೈರ್ಯವೂ ಬಿಚ್ಚಿಹೋಗುತ್ತೆ ಕಣೇ."

*

"ಗಾಡಿಯವನು ಅವಸರ ಮಾಡ್ತಿದಾನೆ," ಎಂದ ಅಣ್ಣ.

"ಇನ್ನೊಂದು ಗಳಿಗೆ ತಡಿ ಅಣ್ಣ."

ಗೇಟು ಸದ್ದಾಯಿತು. ಅವನೇ. ಓಡಿಬಂದ ರಭಸಕ್ಕೆ ಟೈ ಹೆಗಲ ಮೇಲೆ ತಿರುಗಿಬಿದ್ದಿತ್ತು. ಜನರನ್ನು ಕಂಡು ನಿಂತಲ್ಲೇ ನಿಂತ.

"ಅಮ್ಮ, ಬೆಳಿಗ್ಗೆ ಫೋನ್ ಮಾಡಿದಾಗ..."

"ಆಗಲೇ ಹೋಗಿದ್ರು ಮಗಾ. ನಾನೇ ಮುಚ್ಚಿಟ್ಟೆ. ನಿನ್ನದೇನಾಯ್ತು, ಅದನ್ನ ಹೇಳು."

"ಸಿಕ್ತಮ್ಮ. ಸೋಮವಾರದಿಂದ ಬಾ ಅಂದ್ರು."

ಆಕೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬೆಳಗಿನಿಂದ ಬಿಗಿಹಿಡಿದಿದ್ದ ಅಳು ಈಗ ಹಗುರಾಗಿ ಹರಿಯಿತು. "ನನ್ನಪ್ಪಾ, ಕಾಪಾಡಿದೆ," ಎಂದು ಕಾಣದವನಿಗೆ ಕೈಮುಗಿದಳು.

ಹುಡುಗ ಒಳಗೆ ಹೋಗಿ ಟೈ ತೆಗೆದು ಮೇಷ್ಟ್ರಿಗೆ ತೊಡಿಸಲು ಬಾಗಿದ. ಹಿಂದೆಯೇ ಬಂದ ಆಕೆ ಅವನ ಕೈ ಹಿಡಿದಳು.

"ಬೇಡ ಕಣಪ್ಪ. ಅಲ್ಲಿ ಅವರಿಗೆ ಇಂಟರ್‌ವ್ಯೂ ಇಲ್ಲ."

ಕಾಲರಿನ ಗುಂಡಿಯನ್ನು ಮಾತ್ರ ಹಾಕಿ ಮೇಷ್ಟ್ರನ್ನು ಎತ್ತಿ ಹೊರಗೆ ಒಯ್ದರು. ಬಾಗಿಲ ಹಿಂದಿನ ಮೊಳೆಯಲ್ಲಿ ಟೈ ತೂಗುತ್ತಿತ್ತು. ಹುಡುಗನ ಬೆವರಿಗೆ ಅದರ ಗಂಟು ಇನ್ನೂ ಒದ್ದೆಯಾಗಿತ್ತು.