ಚಿಗುರೆಲೆ ಡಾಟ್ ಕಾಮ್

ಹೆಸರು ಗಿಡ್ಡವಾಗಿರಬೇಕು, ಬಾಯಿಗೆ ಸಲೀಸಾಗಿ ಬರಬೇಕು, ಇನ್ನೊಬ್ಬರ ಅಂಗಡಿಯದ್ದಾಗಿರಬಾರದು ಎಂದು ಮೃತ್ಯುಂಜಯ ಸ್ಕೂಟರಿನ ಹಿಂದೆ ಕೂತಿದ್ದ ಗುರುಮಲ್ಲಪ್ಪನವರಿಗೆ ಗಾಳಿಯಲ್ಲಿ ಕೂಗಿ ಹೇಳುತ್ತಿದ್ದ. "ಮುಖ್ಯವಾಗಿ, ಕೊಂಡ ಹೆಸರಿನ ಮೇಲೆ ಮೋಹ ಇಟ್ಕೋಬಾರ್ದು ಸಾರ್. ಗಿರಾಕಿ ಬಂದ ತಕ್ಷಣ ಬಿಟ್ಕೊಟ್ಬಿಡ್ಬೇಕು."

"ನಿಮ್ಗೆ ಎಷ್ಟು ಗಿರಾಕಿ ಬಂದ್ರು ಮೇಷ್ಟ್ರೇ?"

ಮೃತ್ಯುಂಜಯ ಹಾರನ್ ಹೊಡೆದ. ಎದುರಿಗೆ ಯಾರೂ ಇರಲಿಲ್ಲ.

ತತ್ವಶಾಸ್ತ್ರದ ಪಾಠ ಬಿಟ್ಟು ಅವನು ಇಂಟರ್ನೆಟ್ಟಿನಲ್ಲಿ ವೆಬ್‌ಸೈಟುಗಳ ಹೆಸರು ಕೊಂಡು ಮಾರುವ ವ್ಯಾಪಾರಕ್ಕೆ ಇಳಿದು ಎರಡು ವರ್ಷವಾಗಿತ್ತು. ಕೊಂಡದ್ದಾಗಿತ್ತು, ಮಾರಿದ್ದಿರಲಿಲ್ಲ. ಬೆಳಿಗ್ಗೆ ಹೆಂಡತಿ ಸರ್ವಮಂಗಳಾ ರೊಟ್ಟಿ ತಟ್ಟುತ್ತ, ತಿರುಗಿಯೂ ನೋಡದೆ ಹೇಳಿದ್ದಳು: "ಇವತ್ತೊಂದಾದ್ರೂ ಹೋಗ್ಲಿಲ್ಲ ಅಂದ್ರೆ ನಾಳೆಯಿಂದ ನಮ್ಮಣ್ಣನ ಸಿಮೆಂಟ್ ಅಂಗಡಿ. ಮಾತಾಡಿದೀನಿ."

ಗುರುಮಲ್ಲಪ್ಪ ದಟ್ಟಗಳ್ಳಿಯಲ್ಲಿ ನೆಲ ಕೊಂಡು ಮಾರಿ ಬೆಳೆದವರು. ರಾಗಿ ಹೊಲದಲ್ಲಿ ನಾಲ್ಕು ಕಲ್ಲು ನೆಟ್ಟು ಸುಮ್ಮನೆ ಕಾಯುವ ಆ ಕಸುಬಿಗೂ ಇದಕ್ಕೂ ಏನೂ ವ್ಯತ್ಯಾಸವಿಲ್ಲವೆಂದು ಮೃತ್ಯುಂಜಯ ಅವರನ್ನು ಒಪ್ಪಿಸಿದ್ದ. ಅವರು ಒಪ್ಪಿದ್ದೇ ತೊಂದರೆಯಾಯಿತು.

"ಅಂಗಾದ್ರೆ ಜಾಗ ನೋಡ್ದೆ ಅಡ್ವಾನ್ಸ್ ಕೊಡಲ್ಲ ಕಣ್ರೀ," ಎಂದಿದ್ದರು. "ನಮ್ಮಪ್ಪ ಹೊಲ ತಗೊಳಕ್ ಮುಂಚೆ ಬದು ಸುತ್ತಿ, ಮಣ್ಣು ಮೂಸಿ ನೋಡೋನು."

ಲಕ್ಷ್ಮೀಪುರಂನ ಸೈಬರ್ ಕೆಫೆಯ ಪ್ಲೈವುಡ್ ಗೂಡಿನಲ್ಲಿ ಇಬ್ಬರೂ ಮಂಡಿಗೆ ಮಂಡಿ ತಾಗಿಸಿಕೊಂಡು ಕೂತರು. ಮೃತ್ಯುಂಜಯ ತನ್ನ ಹೆಸರುಗಳಲ್ಲೆಲ್ಲ ಒಳ್ಳೆಯದನ್ನು ಆರಿಸಿ, ಚಿಗುರೆಲೆ ಡಾಟ್ ಕಾಮ್ ಎಂದು ಟೈಪು ಮಾಡಿದ. ಪುಟ ಮೇಲಿನಿಂದ ನಿಧಾನವಾಗಿ ಇಳಿಯಿತು. ಖಾಲಿ. ನಡುವೆ ಮಾತ್ರ, ಹಳದಿ ಹಲಗೆಯ ಮೇಲೆ ಗುದ್ದಲಿ ಹಿಡಿದ ಕಪ್ಪು ಮನುಷ್ಯನೊಬ್ಬ ಅಗೆಯುತ್ತಿದ್ದ. ಕೆಲಸ ನಡೆದಿದೆ ಅನ್ನಿಸಲಿ ಎಂದು ಮೃತ್ಯುಂಜಯನೇ ಎಲ್ಲಿಂದಲೋ ತಂದು ಅಂಟಿಸಿದ್ದ, ಅಲುಗಾಡುವ ಬೊಂಬೆಚಿತ್ರ ಅದು.

ಗುರುಮಲ್ಲಪ್ಪ ಕನ್ನಡಕ ಏರಿಸಿದರು. "ಯಾರ್ರೀ ಇವ್ನು?"

"ಯಾರೂ ಅಲ್ಲ ಸಾರ್."

"ಪಾಯ ತೋಡ್ತಾವ್ನೆ, ಯಾರೂ ಅಲ್ಲ ಅಂತೀರಲ್ಲ!"

"ಬರೀ ಬೊಂಬೆ. ನಾನೇ ಇಟ್ಟಿದ್ದು."

"ಯಾವಾಗ?"

"ಕೊಂಡಾಗ."

ಗುರುಮಲ್ಲಪ್ಪ ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. "ಮೇಷ್ಟ್ರೇ, ನೀವು ಹೊಸಬ್ರು, ಒಂದು ಬುದ್ಧಿಮಾತು ಹೇಳ್ತೀನಿ. ಖಾಲಿ ಜಾಗದಲ್ಲಿ ಆಳು ಬುಡಬಾರ್ದು. ಎರಡು ವರ್ಷ ಅಗೆದೋನು ನಾಳೆ ಜಾಗ ನಂದೇ ಅಂತಾನೆ. ಆಮೇಲೆ ಕೋರ್ಟು, ಸ್ಟೇ. ತಕರಾರಿನ ಆಸ್ತಿ ನಮ್ಗೆ ಬ್ಯಾಡ ಬುಡಿ."

"ಬೊಂಬೆ ಸಾರ್ ಅದು! ಈಗ್ಲೇ ತೆಗೀತೀನಿ."

"ಕೂಲಿ ಕೊಟ್ಟು ತೆಗೀರಿ. ಪಾಪ, ಬೆವರೂ ಒರೆಸ್ಕೊಂಡಿಲ್ಲ." ಮೃತ್ಯುಂಜಯನ ಭುಜ ತಟ್ಟಿ, ಪಂಚೆ ಕೊಡವಿಕೊಂಡು ಹೊರಟೇಬಿಟ್ಟರು. ರಸ್ತೆಯಲ್ಲಿ ಅವರು ಆಟೋ ಕರೆದದ್ದು ಕೇಳಿಸಿತು.

ಮೃತ್ಯುಂಜಯ ಬೊಂಬೆಯನ್ನು ತೆಗೆಯಲು ಹೋದ. ತೆಗೆದರೆ ಪುಟ ಪೂರಾ ಬಿಳಿ. ಕೈ ತಡೆಯಿತು. ಗುದ್ದಲಿ ಏರಿತು, ಇಳಿಯಿತು. ಗುಂಡಿ ಆಳವಾಗಲಿಲ್ಲ, ಪಕ್ಕದ ಮಣ್ಣಿನ ಗುಡ್ಡೆ ಬೆಳೆಯಲಿಲ್ಲ. ಬಾಗಿ ನೋಡಿದ. ತಲೆಯೆಂಬುದು ಒಂದು ದುಂಡನೆಯ ಕಪ್ಪು ಚುಕ್ಕೆ. ಮುಖವನ್ನು ಯಾರೂ ಬರೆದೇ ಇರಲಿಲ್ಲ.

"ಸಾರ್, ಇನ್ನೂ ಕೂತಿರ್ತೀರಾ?" ಕೆಫೆಯವನು ಹೊರಗಿನಿಂದ ಕೇಳಿದ.

ಮೃತ್ಯುಂಜಯ ಪರದೆಯಿಂದ ಕಣ್ಣು ಕೀಳಲಿಲ್ಲ. ಗುದ್ದಲಿ ಏರಿದಾಗ ಉಸಿರು ಎಳೆದುಕೊಳ್ಳುತ್ತಿದ್ದ. ಇಳಿದಾಗ ಬಿಡುತ್ತಿದ್ದ.